ನಲವತ್ತೊಂದು ಮಾತ್ರೆ, ಒಂದು ಡಬ್ಬಿ ಅರಿಶಿನ

ಏನಾಯಿತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಅದು ನನ್ನ ತಪ್ಪಲ್ಲ. ಮಾತ್ರೆ ನುಂಗಿದೆ, ಗಂಟು ಚಿಕ್ಕದಾಯಿತು. ಮಾತ್ರೆ ನಿಲ್ಲಿಸಿದೆ, ದೊಡ್ಡದಾಯಿತು. ಅದು ನನ್ನ ತಪ್ಪು. ಹಣೆಬರಹ, ಯಾರದೋ ಕಣ್ಣು, ದೇವರ ಆಟ ಎಂದೆಲ್ಲ ಹೇಳುವವರು ಹೇಳಿಕೊಳ್ಳಲಿ. ನಡೆದದ್ದು ಇಷ್ಟೇ.

ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತೇನೆ. ರೋಗ ಹೋಗಿಲ್ಲ, ನಾನೂ ಹೋಗಿಲ್ಲ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ ಕಡೆ ಸೊಸೆ ಶಶಿಕಲಾ ತಿದ್ದಿದ್ದಾಳೆ. ಮಾತನ್ನು ಮಾತ್ರ ತಿದ್ದಬೇಡ ಎಂದಿದ್ದೇನೆ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು. ನಾನು ಈ ಮನೆಗೆ ಬಂದಾಗಿನಿಂದ ಅರಿಶಿನ ಬೆಳೆಯುತ್ತಿದ್ದೇವೆ. ಅರಿಶಿನವನ್ನು ಕಿತ್ತ ಹಾಗೆಯೇ ಒಣಗಿಸಲು ಬರುವುದಿಲ್ಲ, ಮೊದಲು ಬೇಯಿಸಬೇಕು. ಹೊಲದಲ್ಲೇ ಒಲೆ ಹೂಡಿ, ಮೇಲೆ ಕೊಪ್ಪರಿಗೆ ಇಟ್ಟು, ಅರಿಶಿನದ ಒಣ ಎಲೆಯನ್ನೇ ಉರಿಗೆ ಒಡ್ಡುತ್ತಾ ಕೂರಬೇಕು. ಎಲೆ ಸಾಲದಿದ್ದರೆ ತೆಂಗಿನ ಗರಿ. ಗರಿ ಒದ್ದೆಯಾಗಿ ಹತ್ತದಿದ್ದರೆ ಹಳೆಯ ಸೈಕಲ್ ಟೈರಿನ ತುಂಡು. ಉರಿ ನೋಡಿಕೊಳ್ಳುವುದು ನನ್ನ ಕೆಲಸ. ಗೆಡ್ಡೆ ಬೆಂದಿದೆಯೇ ಎಂದು ಬೇರೆಯವರು ಕಡ್ಡಿ ಚುಚ್ಚಿ ನೋಡುತ್ತಾರೆ. ನಾನು ಕೊಪ್ಪರಿಗೆಯ ಮೇಲೆ ಬಗ್ಗಿ, ಆವಿಯನ್ನು ಮೂಗಿನ ತುಂಬ ಎಳೆದುಕೊಂಡು, ವಾಸನೆಯಲ್ಲೇ ಹೇಳುತ್ತಿದ್ದೆ. ಒಂದು ಸಲವೂ ತಪ್ಪಿಲ್ಲ. ಅಕ್ಕಪಕ್ಕದ ಹೊಲದವರೂ ನನ್ನನ್ನು ಕರೆದುಕೊಂಡು ಹೋಗಿ ಕೇಳುತ್ತಿದ್ದರು. ಹೀಗೆ ಐವತ್ತು ವರ್ಷ.

ಬೇಯಿಸುವ ಕಾಲದಲ್ಲಿ ನಮ್ಮ ಕಡೆ ಹೆಂಗಸರೆಲ್ಲ ಕೆಮ್ಮುತ್ತಾರೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಆ ವರ್ಷ ಬೇಯಿಸಿದ್ದಾಯಿತು, ಒಣಗಿಸಿದ್ದಾಯಿತು, ಮಾಲು ಮನೆಯಿಂದ ಹೊರಟಿದ್ದೂ ಆಯಿತು, ನನ್ನ ಕೆಮ್ಮು ಮಾತ್ರ ಉಳಿದುಕೊಂಡಿತು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಉಗಿದದ್ದರಲ್ಲಿ ಕೆಂಪು ಕಂಡಿತು. ಎಲಡಿಕೆಯ ರಸ ಎಂದುಕೊಂಡು ಬಾಯಿ ತೊಳೆದೆ. ಅವತ್ತು ಇನ್ನೂ ಎಲಡಿಕೆ ಹಾಕಿಯೇ ಇಲ್ಲ ಎಂಬುದು ಬಾಯಿ ತೊಳೆದ ಮೇಲೆ ನೆನಪಾಯಿತು.

ಮಗ ಮಹದೇವ, ನಾನು ಕರೆಯುವುದು ಮಾದೇವ ಎಂದು, ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದ. ಅಲ್ಲಿನ ಡಾಕ್ಟರು ಆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಬೀಡಿ ಸೇದುತ್ತಿದ್ದಿರಾ ಅಮ್ಮ ಎಂದು ಕೇಳಿದರು. ಇಲ್ಲ ಎಂದೆ. ಇನ್ನೊಂದು ಸಲ ಕೇಳಿದರು. ಬೀಡಿ ಸೇದಿದವರು ನನ್ನ ಯಜಮಾನರು, ದಿನಕ್ಕೆ ಎರಡು ಕಟ್ಟು, ಅವರು ಹಾವು ಕಚ್ಚಿ ಹೋದರು ಎಂದೆ. ಡಾಕ್ಟರು ನಗಬೇಕೋ ಬೇಡವೋ ಎಂದು ತಿಳಿಯದೆ ಚಾಮರಾಜನಗರಕ್ಕೆ ಚೀಟಿ ಬರೆದರು. ಚಾಮರಾಜನಗರದಲ್ಲಿ ಸ್ಕ್ಯಾನು. ಅಲ್ಲಿಂದ ಮೈಸೂರಿಗೆ ಹೋಗಿ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆಸಿಕೊಂಡು ಬಂದದ್ದೂ ಆಯಿತು. ಏನಂತೆ ಎಂದು ಕೇಳಿದರೆ ಮಾದೇವ, ಎದೆಯಲ್ಲಿ ಕಫ ಗಟ್ಟಿಯಾಗಿದೆ, ಕರಗಲು ಮಾತ್ರೆ ಕೊಡುತ್ತಾರೆ ಎಂದ. ನಾನು ನಂಬಿದೆ. ನನ್ನ ಮಗ ನನಗೆ ಸುಳ್ಳು ಹೇಳಬಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ.

ಚಾಮರಾಜನಗರದ ಆಸ್ಪತ್ರೆಗೆ ತಿಂಗಳಿಗೊಂದು ದಿನ ಮೈಸೂರಿನಿಂದ ದೊಡ್ಡ ಡಾಕ್ಟರು ಬರುತ್ತಿದ್ದರು. ಅವತ್ತು ಅವರ ಕೋಣೆಯ ಮುಂದೆ ಉದ್ದದ ಬೆಂಚುಗಳು ತುಂಬಿರುತ್ತಿದ್ದವು. ಫ್ಯಾನು ಒಂದೇ. ಅದರ ಕೆಳಗಿನ ಜಾಗಕ್ಕಾಗಿ ಉಸಿರಿಲ್ಲದವರೂ ಓಡುತ್ತಿದ್ದರು. ಮೊದಲನೇ ಸಲ ಹೋದಾಗ ನನಗೆ ಆ ಜಾಗ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಹೆಂಗಸು, ಬುರ್ಖಾ ಹಾಕಿ ಮುಖ ತೆರೆದಿದ್ದಳು. ಆಚೆ ಅವಳ ಗಂಡ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೆಯೇ ಇತ್ತು. ಚಾಮರಾಜನಗರದವರೇ, ಅವರದು ಟೈಲರ್ ಅಂಗಡಿ. ಅವಳ ಹೆಸರು ಶಮೀಮ. ಗಂಡ ಜಬ್ಬಾರ್ ಸಾಬರು. ಊರು ಕೇರಿ ಮಕ್ಕಳು ಮರಿ ಎಲ್ಲ ವಿಚಾರಿಸಿಕೊಂಡಾದ ಮೇಲೆ ಅವಳು ಬಾಳೆಹಣ್ಣು ಸುಲಿಯುತ್ತಾ ಕೇಳಿದಳು:

"ಅಕ್ಕ, ನಿಮ್ದು ಎಡಾನಾ, ಬಲಾನಾ?"

"ಏನು ಎಡ ಬಲ?"

"ಕ್ಯಾನ್ಸರ್ ಅಕ್ಕ. ಇವ್ರದು ಬಲಗಡೆ."

ನನಗೆ ಕಫ ಎಂದೆ. ಅವಳು ಸುಲಿದ ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ಬೆಂಚಿನ ಉದ್ದಕ್ಕೂ ಒಮ್ಮೆ ನೋಡಿದಳು, ನನ್ನ ಮಗನನ್ನೂ ನೋಡಿದಳು. ಈ ಸಾಲಿನಲ್ಲಿ ಕೂರಿಸುವುದು ಕ್ಯಾನ್ಸರಿನವರನ್ನು ಮಾತ್ರ ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡಳು. ಅಷ್ಟು ಸಾಕಾಯಿತು. ಮಾದೇವ ಗೋಡೆಯ ಕಡೆ ತಿರುಗಿ, ತಾಯಂದಿರಿಗೆ ಲಸಿಕೆಯ ಬಗ್ಗೆ ಬರೆದಿದ್ದ ಚಿತ್ರವನ್ನು ಓದುತ್ತಿದ್ದ.

ಹತ್ತಿರ ಕರೆದು, ಹೌದೇನೋ ಎಂದು ಕೇಳಿದೆ. ಅವನು ಅಂಗಿಯ ತುದಿ ಹಿಡಿದುಕೊಂಡ. ಐವತ್ತರ ಹತ್ತಿರ ಬಂದ ಗಂಡಸು.

"ನೀನು ಎದೆ ಒಡ್ಕತೀಯ ಅಂತ ಏಳ್ನಿಲ್ಲ ಕಣವ್ವ."

"ಎದೆ ಒಡ್ದೇ ಅಲ್ವೇನ್ಲಾ ಇಲ್ಗೆ ಬಂದಿರಾದು?"

ಬಾಯಲ್ಲಿ ಇಷ್ಟು ಬಂತು. ಒಳಗೆ ಏನೂ ಇರಲಿಲ್ಲ. ಅಳುವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕೊಪ್ಪರಿಗೆಯ ಕುದಿನೀರು ಕಾಲಿನ ಮೇಲೆ ಬಿದ್ದಾಗ ಒಂದು ಗಳಿಗೆ ಏನೂ ತಿಳಿಯುವುದಿಲ್ಲವಲ್ಲ, ಹಾಗೆ. ಆ ಗಳಿಗೆ ನನಗೆ ಮೂರು ನಾಲ್ಕು ದಿನ ಇತ್ತು. ಶಮೀಮ ನನ್ನ ಕೈಗೆ ಅರ್ಧ ಬಾಳೆಹಣ್ಣು ಕೊಟ್ಟಳು. ತಿಂದೆ. ರುಚಿ ಇವತ್ತಿಗೂ ನೆನಪಿದೆ. ಡಾಕ್ಟರು ಒಳಗೆ ಏನು ಹೇಳಿದರು ಎಂಬುದು ಒಂದೂ ನೆನಪಿಲ್ಲ.

ಊರಿಗೆ ಬಂದ ಮೇಲೆ ತಿಳಿಯಿತು, ಸೊಸೆಗೆ ಗೊತ್ತಿತ್ತು, ಬೀಗರಿಗೆ ಗೊತ್ತಿತ್ತು, ಬಸ್ ಸ್ಟ್ಯಾಂಡಿನ ಕ್ಷೌರದಂಗಡಿಯವನಿಗೂ ಗೊತ್ತಿತ್ತು. ನನ್ನ ಎದೆಯೊಳಗಿನ ಗಂಟು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಶಶಿಕಲಾ ವಾರದಿಂದ ನನಗೆ ಬಿಸಿ ಬಿಸಿ ಹಾಲು ತಂದುಕೊಡುತ್ತಿದ್ದುದು ಯಾಕೆ ಎಂದು ಆಗ ಗೊತ್ತಾಯಿತು. ಅವಳನ್ನು ಕೂರಿಸಿಕೊಂಡು, ಇನ್ನು ಮೇಲೆ ನನ್ನ ಸುದ್ದಿ ಮೊದಲು ನನಗೆ ಹೇಳಬೇಕು ಎಂದೆ. ಅವಳು ತಲೆಯಾಡಿಸಿ, ಅತ್ತೆ, ಸಕ್ಕರೆ ಜಾಸ್ತಿ ಹಾಕಿದೀನಿ ಎಂದಳು.

ತೆಗೆದ ಚೂರನ್ನು ಪರೀಕ್ಷೆ ಮಾಡಿ, ನನ್ನ ಗಂಟಿನ ಜಾತಿಗೆ ಒಂದು ಮಾತ್ರೆ ಹೊಂದುತ್ತದೆ ಎಂದರು. ದಿನಕ್ಕೊಂದು, ಬಿಡದೆ. ಜಬ್ಬಾರ್ ಸಾಬರಿಗೂ ಮಾತ್ರೆಯೇ. ಎರಡು ವಾರಕ್ಕೆ ನನ್ನ ಮುಖದ ತುಂಬ ಮೊಡವೆ ಎದ್ದವು. ಅರವತ್ತೆಂಟರಲ್ಲಿ ಮೊಡವೆ. ಮುಂದಿನ ತಿಂಗಳು ಬೆಂಚಿನ ಮೇಲೆ ಶಮೀಮ ನೋಡಿ, "ಏನಕ್ಕ, ವಯಸ್ಸಿಗೆ ಬಂದ್ಬುಟ್ರಾ?" ಎಂದಳು. ಪಕ್ಕದಲ್ಲಿ ಜಬ್ಬಾರ್ ಸಾಬರ ಮುಖವೂ ಹಾಗೇ ಇತ್ತು. ಇಬ್ಬರಿಗೂ ಒಂದೇ ಮುಹೂರ್ತದಲ್ಲಿ ಆರತಿ ಮಾಡಿಬಿಡೋಣ ಎಂದು ಅವಳು ನಕ್ಕಳು. ಅವಳ ಗಂಡ ಕೆಮ್ಮುತ್ತಾ ನಕ್ಕರು. ನಾನೂ ನಕ್ಕೆ. ಮೊಡವೆ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಲೆಕ್ಕ, ಹಿಂಸೆ ಎಂದು ನಿಲ್ಲಿಸಬೇಡಿ ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿ ಕಳಿಸಿದರು. ಮೂರು ತಿಂಗಳ ಮೇಲೆ ಸ್ಕ್ಯಾನು ಮಾಡಿದರೆ ಗಂಟು ಅರ್ಧಕ್ಕರ್ಧ ಇಳಿದಿತ್ತು.

ಆ ದಿನವೇ ರಶ್ಮಿ ಎಂಬ ಹುಡುಗಿ ಬಂದು ನನ್ನ ಮುಂದೆ ಮಂಡಿಯೂರಿ ಕೂತಳು. ಡಾಕ್ಟರ ಜೊತೆ ಮೈಸೂರಿನಿಂದ ಬರುತ್ತಿದ್ದಳು, ಸಂಶೋಧನೆ ಮಾಡುವವಳು. ನನ್ನ ರಕ್ತ ಎರಡು ಸಣ್ಣ ಕೊಳವೆಯಷ್ಟು ಬೇಕು ಎಂದಳು. ಯಾಕೆ ಎಂದೆ. ಮೈಕ್ರೋ ಆರ್‌ಎನ್‌ಎ ನೋಡಲು ಎಂದಳು. ಹೆಸರು ಕೇಳಿ ನಾನು ಮುಖ ಸಿಂಡರಿಸಿದ್ದು ನೋಡಿ, ನಿಧಾನವಾಗಿ ಹೇಳಿದಳು. ನಮ್ಮ ಮೈಯ ಒಂದೊಂದು ಕಣದಲ್ಲೂ ಇದನ್ನು ಮಾಡು, ಬೆಳೆ, ಎರಡಾಗು ಎಂದು ಹೇಳುವ ಚೀಟಿಗಳು ಓಡಾಡುತ್ತವಂತೆ. ಬೇಡದ ಚೀಟಿಯನ್ನು ಹಿಡಿದು ಸುಮ್ಮನಾಗಿಸುವುದಕ್ಕೆ ತೀರ ಸಣ್ಣ ತುಣುಕುಗಳಿವೆಯಂತೆ. ಕ್ಯಾನ್ಸರ್ ಬಂದ ಕಡೆ ಅಂಥ ಕೆಲವು ತುಣುಕುಗಳು ಕಡಿಮೆಯಾಗಿರುತ್ತವೆ, ಆಗ ಬೆಳೆ ಬೆಳೆ ಎನ್ನುವ ಚೀಟಿಯನ್ನು ತಡೆಯುವವರು ಇಲ್ಲದಂತಾಗುತ್ತದೆ ಎಂದಳು.

ನನಗೆ ನಮ್ಮ ಮನೆಯ ಸಣ್ಣತ್ತೆ ನೆನಪಾದಳು. ನನ್ನ ಮಾವನ ತಂಗಿ, ಗಂಡ ಸತ್ತು ತವರಿಗೆ ಬಂದವಳು. ಗಿಡ್ಡಿ. ಅವಳಿಗೆ ಮನೆಯಲ್ಲಿ ಒಂದು ಅಧಿಕಾರವೂ ಇರಲಿಲ್ಲ. ಆದರೆ ಅಣ್ಣತಮ್ಮಂದಿರ ಮಾತು ಏರಿದಾಗ ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತರೆ ಸಾಕು, ಮಾತು ನಿಲ್ಲುತ್ತಿತ್ತು. ಅವಳು ಹೋದ ವರ್ಷದೊಳಗೆ ಮನೆ ಮೂರು ಪಾಲಾಯಿತು. ಗಂಟು ಯಾಕೆ ಬೆಳೆಯಿತು ಎಂಬುದು ನನಗೆ ಅವತ್ತು ಮೊದಲ ಸಲ ಅರ್ಥವಾಯಿತು.

ಆ ತುಣುಕನ್ನು ನನಗೆ ಕೊಡುತ್ತೀಯಾ ಎಂದು ಕೇಳಿದೆ. ಇಲ್ಲ ಅಜ್ಜಿ ಎಂದಳು. ಮೈಯೊಳಗೆ ಬಿಟ್ಟರೆ ಅದು ಬೇಗ ಚೂರಾಗಿಬಿಡುತ್ತದೆ, ಸರಿಯಾಗಿ ಶ್ವಾಸಕೋಶಕ್ಕೇ ತಲುಪಿಸುವುದು ಕಷ್ಟ, ಬೇರೆ ಕಡೆ ಹೋದರೆ ಬೇರೆಯದನ್ನು ಕೆಡಿಸುತ್ತದೆ. ಜನರಿಗೆ ಕೊಟ್ಟು ನೋಡಿ, ಮೈಗೆ ಒಗ್ಗದೆ ನಿಲ್ಲಿಸಿದ್ದೂ ಉಂಟಂತೆ. ಮುಂದೆ ಒಂದು ದಿನ ಔಷಧಿ ಆಗಬಹುದು, ಈಗ ನಿಮಗೆ ಇದರಿಂದ ಏನೂ ಉಪಯೋಗವಿಲ್ಲ, ಮುಂದಿನವರಿಗಾಗಿ ಕೇಳುತ್ತಿದ್ದೇನೆ, ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ತೊಂದರೆಯಿಲ್ಲ ಎಂದಳು. ಅಷ್ಟು ಸರಿಯಾಗಿ ನನಗೆ ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಹೇಳಿರಲಿಲ್ಲ. ಸಹಿ ಹಾಕಿ ತೋಳು ಚಾಚಿದೆ. ಅವಳು ಹೇಳಿದ್ದೆಲ್ಲ ಕೇಳಿಸಿಕೊಂಡೆ. ಆದರೆ ಮನೆಗೆ ಹೊತ್ತುಕೊಂಡು ಹೋದದ್ದು, ಮುಂದೆ ಒಂದು ದಿನ ಔಷಧಿ ಆಗಬಹುದು ಎಂಬುದೊಂದನ್ನೇ.

ಮಾದೇವನ ಕೈಗೆ ನಾನು ಸಹಿ ಹಾಕಿದ ಕಾಗದದ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲಿದ್ದ ಆ ತುಣುಕಿನ ಹೆಸರನ್ನು ಫೋನಿನಲ್ಲಿ ಹಾಕಿ ಎರಡು ದಿನ ಕೂತ. ಮೂರನೇ ದಿನ ಬೆಳಗ್ಗೆ ಹಿತ್ತಲಿಗೆ ಓಡಿ ಬಂದ.

"ಅವ್ವ, ನಮ್ ಅರ್ಸಿನದಲ್ಲೇ ಅದೆ ಕಣವ್ವ!"

ಅರಿಶಿನದ ಸತ್ವ ಆ ಸಣ್ಣ ತುಣುಕುಗಳನ್ನು ಹೆಚ್ಚಿಸುತ್ತದೆ ಎಂದು ಫೋನಿನಲ್ಲಿ ಹೇಳಿದ್ದರಂತೆ. ಶ್ವಾಸಕೋಶದ ಕ್ಯಾನ್ಸರಿಗೇ ಎಂದು ಬೇರೆ ಹೇಳಿದ್ದರಂತೆ. ಅವನ ಮುಖ ನೋಡಬೇಕಿತ್ತು. ಯಾವ ಡಾಕ್ಟರ ಹತ್ತಿರವೂ ಇಲ್ಲದ್ದು ನಮ್ಮ ಹೊಲದಲ್ಲಿದೆ ಎಂಬ ಮುಖ. ನನಗೂ ಹಾಗೇ ಆಯಿತು, ಸುಳ್ಳು ಯಾಕೆ ಹೇಳಲಿ. ಊರಿನ ಗಾಯಕ್ಕೆಲ್ಲ ಹಚ್ಚಿದ್ದು ನಮ್ಮ ಅರಿಶಿನ, ಬಾಣಂತಿಯರಿಗೆ ಕೊಟ್ಟದ್ದು ನಮ್ಮ ಅರಿಶಿನ. ನನಗೆ ಬಂದದ್ದಕ್ಕೆ ಅದು ಬೇಡವೇ?

ಬೇಯಿಸಿದರೆ ಸತ್ವ ಹೋಗುತ್ತದೆ ಎಂದು ಮಾದೇವ ಬಿತ್ತನೆಗೆ ಎತ್ತಿಟ್ಟಿದ್ದ ಗೆಡ್ಡೆಯನ್ನೇ ತೆಗೆದ. ಬಿತ್ತನೆಗೆ ಇಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಬೇರೆಯದಕ್ಕೆ ಮುಟ್ಟುವುದಿಲ್ಲ. ನನ್ನ ಮಾವ ಇದ್ದಿದ್ದರೆ ಕೈ ಮುರಿಯುತ್ತಿದ್ದರು. ಹೆಚ್ಚಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಮೆಣಸು ತುಪ್ಪ ಸೇರಿಸಿ, ಹೊತ್ತಿಗೊಂದು ಚಮಚ. ಮಾತ್ರೆಯ ಜೊತೆಗೆ ಇದನ್ನೂ ತಗೋ ಎಂದ. ಜೊತೆಗೆ ಎಂದೇ ಹೇಳಿದ. ಮಾತ್ರೆ ಬಿಡು ಎಂದು ಅವನು ಹೇಳಲಿಲ್ಲ, ಇದನ್ನು ಓದುವವರು ನನ್ನ ಮಗನನ್ನು ಬೈಯಬಾರದು.

ಬಿಟ್ಟವಳು ನಾನು. ಆ ಮಾತ್ರೆ ನನ್ನನ್ನು ಹಿಂಡಿ ಹಾಕಿತ್ತು. ದಿನಕ್ಕೆ ಐದಾರು ಸಲ ಹಿತ್ತಲಿಗೆ ಓಡಬೇಕು. ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಉಡಿಗಾಲಕ್ಕೆ ಹೋಗಿದ್ದಾಗ ತೊಟ್ಟಿಲು ತೂಗುವುದನ್ನು ಅರ್ಧಕ್ಕೆ ಬಿಟ್ಟು ಓಡಿದೆ. ಉಗುರಿನ ಬುಡ ಕೀವಾಗಿ, ಬೆರಳಲ್ಲಿ ಒಂದು ಗೆಡ್ಡೆ ಆರಿಸಲು ಆಗುತ್ತಿರಲಿಲ್ಲ. ಒಂದೇ ಕೆಲಸಕ್ಕೆ ಎರಡು ಆಳು ಯಾಕೆ ಎಂದು ನನಗೇ ನಾನು ನ್ಯಾಯ ಹೇಳಿಕೊಂಡೆ. ಶಶಿಕಲಾ ಮಾತ್ರೆಯ ಖಾಲಿ ಪಟ್ಟಿ ನೋಡುತ್ತಾಳೆ ಎಂದು ದಿನಕ್ಕೊಂದನ್ನು ಸರಿಯಾಗಿ ಪಟ್ಟಿಯಿಂದ ತೆಗೆದೆ. ಅವಳ ಎದುರಿಗೇ ನೀರು ಕುಡಿದೆ. ಮಾತ್ರೆ ಹೋದದ್ದು ನನ್ನ ಎಲಡಿಕೆ ಚೀಲದ ಒಳಜೇಬಿಗೆ. ನನ್ನ ಎಲಡಿಕೆ ಚೀಲಕ್ಕೆ ಆ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ.

ಹತ್ತೇ ದಿನಕ್ಕೆ ಮೊಡವೆ ಇಳಿದವು. ಭೇದಿ ನಿಂತಿತು. ಉಗುರು ಒಣಗಿತು. ಊಟ ರುಚಿಸಿತು. ಅರಿಶಿನ ಹಿಡಿಯಿತು ಎಂದು ಮಾದೇವ ಊರೆಲ್ಲ ಹೇಳಿಕೊಂಡು ಬಂದ. ಮೊಡವೆ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಹೇಳಿದ್ದ ಮಾತು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರಿಗೂ ಆಗ ಅದು ನೆನಪಿಗೆ ಬರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಚೆನ್ನಾಗಿತ್ತು.

ಆ ತಿಂಗಳು ಬೆಂಚಿನ ಮೇಲೆ ಶಮೀಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಜಬ್ಬಾರ್ ಸಾಬರು ಸೊರಗಿದ್ದರು, ಮುಖ ತುಂಬ ಕೆಂಪು ಹುಣ್ಣು, ಸೂಜಿ ಹಿಡಿಯಲಾಗದೆ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ತಂದಿದ್ದ ಒಂದು ಡಬ್ಬಿ ಅರಿಶಿನವನ್ನು ಅವಳ ಕೈಗೆ ಕೊಟ್ಟೆ. ಹೇಗೆ ತಗೋಬೇಕು ಎಂದು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಗನಿಗೂ ಸೊಸೆಗೂ ಹೇಳದೆ ಇದ್ದದ್ದನ್ನು ಅವಳ ಕಿವಿಯಲ್ಲಿ ಹೇಳಿದೆ.

"ಮಾತ್ರೆ ಬುಟ್ಟು ಹನ್ನೆರಡು ದಿನ ಆಯ್ತು ಕಣೆ. ಯಾರ್ಗೂ ಏಳ್ಬೇಡ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ಮುಂದಿನ ತಿಂಗಳು ಹೋಗುವ ಹೊತ್ತಿಗೆ ನನಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಬೇಗೂರಿನ ಸಂತೆಯಲ್ಲಿ ಎರಡು ಸಲ ಕೂತು ಎದ್ದಿದ್ದೆ. ಬಿಸಿಲು ಎಂದುಕೊಂಡೆ. ಬೆಂಚಿನ ಮೇಲೆ ಶಮೀಮಳೂ ಇರಲಿಲ್ಲ, ಜಬ್ಬಾರ್ ಸಾಬರೂ ಇರಲಿಲ್ಲ. ಹೊಸ ಸ್ಕ್ಯಾನು ಮಾಡಿಸಿ ಮಧ್ಯಾಹ್ನ ಒಳಗೆ ಕರೆದರು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಮೂರನೇ ಕ್ಲಾಸು ಓದಿದವಳಿಗೂ ಕಾಣುತ್ತಿತ್ತು. ಅರ್ಧ ಆಗಿದ್ದದ್ದು ಮೊದಲಿಗಿಂತ ದೊಡ್ಡದಾಗಿತ್ತು, ಸುತ್ತ ನೀರೂ ಕಟ್ಟಿತ್ತು.

ಮಾತ್ರೆ ಸರಿಯಾಗಿ ತಗೊಂಡಿದ್ದಾರಾ ಎಂದು ಡಾಕ್ಟರು ಕೇಳಿದರು. ಒಂದು ದಿನವೂ ತಪ್ಪಿಲ್ಲ ಎಂದು ಮಾದೇವ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟ. ಹಾಗಿದ್ದರೆ ಈ ಮಾತ್ರೆ ಇನ್ನು ಹಿಡಿಯುವುದಿಲ್ಲ, ಬೇರೆ ದಾರಿ ನೋಡಬೇಕು, ಆ ದಾರಿ ಕಷ್ಟದ್ದು ಎಂದು ಡಾಕ್ಟರು ಪೆನ್ನು ತೆಗೆದರು.

ಬರೆಯುವ ಮೊದಲು ನಾನು ಸೊಂಟದಿಂದ ಎಲಡಿಕೆ ಚೀಲ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದೆ. ಸುಣ್ಣ ಮೆತ್ತಿಕೊಂಡು, ಅಡಿಕೆಪುಡಿ ಅಂಟಿಕೊಂಡು ಬಿದ್ದವು. ಒಂದೆರಡು ಉರುಳಿ ಕೆಳಗೆ ಹೋದವು. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ನರ್ಸು ಎಣಿಸಿದಳು. ನಲವತ್ತೊಂದು.

ಮಾದೇವ ಎಣಿಕೆ ಮುಗಿಯುವವರೆಗೂ ನಿಂತಿದ್ದವನು ಕುರ್ಚಿ ಇಲ್ಲದ ಕಡೆ ಕೂರಲು ಹೋಗಿ ಗೋಡೆ ಹಿಡಿದುಕೊಂಡ.

"ಯಾಕವ್ವ ಇಂಗ್ ಮಾಡ್ಬುಟ್ಟೆ?"

ಕಫ ಎಂದು ಅವನು ನನಗೆ ಸುಳ್ಳು ಹೇಳಿದ್ದಕ್ಕೆ ಬೆಂಚಿನ ಹತ್ತಿರವೇ ಅವನನ್ನು ಚುಚ್ಚಿ ಮಾತಾಡಿದ್ದೆ. ನನ್ನ ಸುಳ್ಳು ಅದಕ್ಕಿಂತ ನಲವತ್ತೊಂದು ಪಾಲು. ಇವತ್ತಿಗೂ ಆ ಮೇಜು ಕಣ್ಣಿಗೆ ಬಂದರೆ ನನ್ನ ಬಾಯಿ ಒಣಗುತ್ತದೆ. ರೋಗ ಎಂದು ತಿಳಿದ ದಿನ ಕೂಡ ನನಗೆ ಹಾಗೆ ಆಗಿರಲಿಲ್ಲ. ಅವತ್ತು ಹೊಡೆದದ್ದು ರೋಗ. ಈ ಸಲ ಹೊಡೆದದ್ದು ನನ್ನ ಕೈ.

ರಶ್ಮಿಯನ್ನು ಕರೆಸಿದರು. ಅರಿಶಿನದ ವಿಷಯ ಕೇಳಿ ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಫೋನಿನಲ್ಲಿ ಬಂದದ್ದು ಪೂರ್ತಿ ಸುಳ್ಳೂ ಅಲ್ಲವಂತೆ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣಗಳನ್ನು ಬೆಳೆಸಿ, ಮೇಲೆ ಅರಿಶಿನದ ಸತ್ವ ಸುರಿದು ನೋಡಿದ್ದಾರೆ, ಆ ತುಣುಕುಗಳಲ್ಲಿ ಬದಲಾವಣೆ ಕಂಡಿದೆ. ತಿಂದ ಅರಿಶಿನ ರಕ್ತಕ್ಕೆ ಸೇರುವುದೇ ಅಪರೂಪ, ಶ್ವಾಸಕೋಶ ದೂರದ ಮಾತು ಎಂದಳು.

"ನೀವು ತಟ್ಟೆ ಅಲ್ಲ ಅಜ್ಜಿ" ಎಂದಳು.

ಅದನ್ನೇ ಅವಳು ಮೊದಲ ದಿನವೂ ಬೇರೆ ಮಾತಿನಲ್ಲಿ ಹೇಳಿದ್ದಳು. ತಲುಪಿಸುವುದು ಕಷ್ಟ ಎಂದಿದ್ದಳು.

ಎದೆಯ ನೀರು ತೆಗೆದರು. ಅದೇ ಮಾತ್ರೆಯನ್ನು ಮತ್ತೆ ಶುರು ಮಾಡೋಣ, ಬಿಟ್ಟದ್ದರಿಂದ ಬೆಳೆದಿದ್ದರೆ ಇಳಿಯಬಹುದು, ಇಳಿಯದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಹೊಸ ಪಟ್ಟಿ ಕೊಟ್ಟರು, ನಾಳೆ ಬೆಳಗ್ಗೆಯಿಂದ ಎಂದರು. ಸಂಜೆ ನಾಲ್ಕಕ್ಕೆ, ಮಾದೇವ ಅವತ್ತೊಂದು ದಿನಕ್ಕೆ ಕೇಳಿ ತಂದಿದ್ದ ಕಾರು ಹತ್ತಿದೆವು. ನಾನು ಅಷ್ಟು ಹೊತ್ತೂ ನನ್ನದನ್ನೇ ಯೋಚಿಸುತ್ತಾ ಕೂತಿದ್ದೆ. ತೆರಕಣಾಂಬಿ ದಾಟುವಾಗ ಒಂದು ಅಂಗಡಿಯ ಮುಂದೆ ಹೊಲಿಗೆ ಯಂತ್ರ ಕಂಡಿತು. ಆಗ ನೆನಪಾಯಿತು, ಬೆಂಚು ಖಾಲಿ ಇತ್ತು. ಗಂಡ ಹೆಂಡತಿ ಬಂದಿರಲಿಲ್ಲ. ಒಂದು ತಿಂಗಳು. ಡಬ್ಬಿ. ಕಿವಿಯಲ್ಲಿ ಹೇಳಿದ ಮಾತು.

ಕಾರು ತಿರುಗಿಸು ಎಂದೆ. ಮಾದೇವ ನಿಲ್ಲಿಸಿದ. ವಿಷಯ ಕೇಳಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟ. ಜಬ್ಬಾರ್ ಸಾಬರ ನಂಬರು ಅವನ ಹತ್ತಿರ ಇತ್ತು. ನಾಲ್ಕು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಮನೆ ಎಲ್ಲಿ ಎಂದು ಅವನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಬೆನ್ನಿನಲ್ಲಿ ಆಗ ತಾನೇ ತೂತು ಮಾಡಿ ಪಟ್ಟಿ ಹಾಕಿದ್ದರು. "ನಾಳ ನೋಡನ ಬುಡವ್ವ, ನೀನು ಇವತ್ತು ಸತ್ತೋದೀಯೆ" ಎಂದು ಅವನು ಊರಿನ ಕಡೆಗೇ ಹೊರಟ. ಮನೆಗೆ ಬಂದ ಮೇಲೂ ಫೋನು ಮಾಡಿಸಿದೆ. ಎತ್ತಲಿಲ್ಲ.

ಮರುದಿನ ಬೆಳಗ್ಗೆ ಮಾದೇವ ಕಾರು ಹಿಂದಿರುಗಿಸಲು ಹೋಗಿದ್ದಾಗ ಹಗುರದ ಸೀರೆ ಉಟ್ಟು, ಹೊಸ ಪಟ್ಟಿಯಿಂದ ಒಂದು ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಶಶಿಕಲಾ, ಇಲ್ಲೇ ನುಂಗಿ ನನ್ನ ಮುಂದೆ ಬಾಯಿ ತೆಗೆದು ತೋರಿಸಿ ಎಂದಳು. ಇನ್ನು ಮೇಲೆ ದಿನಾ ಹೀಗೇ ಎಂದಳು. ಇವತ್ತೊಂದು ದಿನ ಬಿಡು, ಇದು ಅಲ್ಲಿ ಬೇಕು ಎಂದೆ. ಅವಳು ನಂಬದೆ, ಸೀರೆ ಬದಲಾಯಿಸಿಕೊಂಡು ಜೊತೆಗೇ ಬಂದಳು. ಬೇಗೂರಿನಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು. ಬಸ್ ಸ್ಟ್ಯಾಂಡಿನ ಹತ್ತಿರ ಆಟೋದವರನ್ನು ಕೇಳುತ್ತಾ, ಹತ್ತು ಹೆಜ್ಜೆಗೊಂದು ಸಲ ನಿಲ್ಲುತ್ತಾ ಹೋದೆ. ಮೂರನೆಯವನಿಗೆ ಜಬ್ಬಾರ್ ಟೈಲರ್ ಗೊತ್ತಿತ್ತು.

ಅಂಗಡಿಯೂ ಮನೆಯೂ ಒಂದೇ. ಬಾಗಿಲಲ್ಲೇ ಯಂತ್ರದ ಸದ್ದು ಕೇಳಿತು. ಜೀವ ಬಂತು. ಒಳಗೆ ಹೋದರೆ ಜಬ್ಬಾರ್ ಸಾಬರು ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಬೆರಳಿಗೆ ಬಟ್ಟೆ ಇರಲಿಲ್ಲ. ತಲೆ ಎತ್ತಿದರು. ಮುಖ ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು. ಒಂದು ಮೊಡವೆ ಇರಲಿಲ್ಲ.

ಬಂದ ಜೀವ ಅಲ್ಲೇ ಹೋಯಿತು.

ಶಮೀಮ ಒಳಗಿನಿಂದ ಓಡಿ ಬಂದು ಕೈ ಹಿಡಿದುಕೊಂಡಳು. "ನೋಡಿ ಅಕ್ಕ, ಎಷ್ಟು ಚೆನ್ನಾಗವ್ರೆ. ಹದಿನೆಂಟು ದಿನದಿಂದ ಕೆಲ್ಸ ಮಾಡ್ತಾವ್ರೆ. ಆಸ್ಪತ್ರೆಗೂ ಬೇಡ ಅಂದ್ರು. ಎಲ್ಲಾ ನಿಮ್ ಅರ್ಸಿನ." ಯಂತ್ರದ ಸದ್ದಿನಲ್ಲಿ ಫೋನು ಕೇಳುವುದೇ ಇಲ್ಲ, ನಿಮ್ಮ ಮಗ ಮಾಡಿದ್ದು ಬೆಳಗ್ಗೆ ನೋಡಿದೆವು ಎಂದಳು.

ನಾನು ಕೂರಲಿಲ್ಲ. ಕೂತರೆ ಟೀ ಬರುತ್ತದೆ, ಟೀ ಬಂದರೆ ಮಾತು ಮೆತ್ತಗಾಗುತ್ತದೆ.

"ನಂದು ಬೆಳ್ದದೆ ಸಾಬ್ರೆ. ನೆನ್ನೆ ಸ್ಕ್ಯಾನಲ್ಲಿ ಕಾಣಿಸ್ತು. ಮೊದ್ಲಿಗಿಂತ ದೊಡ್ಡದು. ಅರ್ಸಿನ ಏನೂ ಮಾಡ್ನಿಲ್ಲ. ಮಾತ್ರೆ ಬುಟ್ಟಿದ್ಕೆ ಮೊಡವೆ ಓದೊ, ಅಷ್ಟೇಯ. ನಾನ್ ಏಳಿದ್ದು ತಪ್ಪು."

ಶಮೀಮ ನನ್ನ ಕೈ ಬಿಟ್ಟಳು. ಯಂತ್ರ ನಿಂತಿತು. ಜಬ್ಬಾರ್ ಸಾಬರು ನನ್ನನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಅರ್ಧ ಹೊಲಿದ ಅಂಗಿಯ ತೋಳನ್ನು ಕೈಯಲ್ಲಿ ನೀವಿದರು. ಆಮೇಲೆ ಯಂತ್ರದ ಕೆಳಗಿನಿಂದ ಗುಂಡಿಗಳ ಡಬ್ಬಿ ಎಳೆದು ಮುಚ್ಚಳ ತೆಗೆದರು. ಗುಂಡಿಗಳ ನಡುವೆ, ಪಟ್ಟಿಯಿಂದ ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳು. ಟೈಲರಲ್ಲವೇ, ಅಂಚು ನೇರವಾಗಿತ್ತು.

ಶಮೀಮಳಿಗೆ ಆ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ಗಂಡ ಮಾತ್ರೆಯನ್ನೂ ಅರಿಶಿನವನ್ನೂ ಎರಡನ್ನೂ ತಗೊಳ್ಳುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳಂತೆ. ನನ್ನ ಕಿವಿಮಾತನ್ನು ಅವಳು ಗಂಡನಿಗೆ ಹೇಳಿದ್ದು ಒಂದೇ ಸಲ, ಆ ಅಕ್ಕ ಹೀಗೆ ಮಾಡಿದ್ದಾರೆ ನೋಡಿ, ನೀವು ಮಾಡಬೇಡಿ ಎಂದು.

ನೀರು ತಾ ಎಂದೆ. ಚೊಂಬು ತಂದಳು. ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ಎಲ್ಲರಿಗೂ ಕಾಣುವ ಹಾಗೆ ಅಂಗೈ ಮೇಲಿಟ್ಟೆ. ಇವತ್ತೇ ಆಸ್ಪತ್ರೆಗೆ ಹೋಗಬೇಕು, ನಾನೂ ಬರುತ್ತೇನೆ, ಅಲ್ಲಿಂದ ಮೈಸೂರಿನ ಡಾಕ್ಟರಿಗೆ ಫೋನು ಮಾಡಿಸಿ ನಾನೇ ಹೇಳುತ್ತೇನೆ ಎಂದೆ. ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಶಶಿಕಲಾ ಹೇಳುವ ಮೊದಲೇ ಬಾಯಿ ತೆಗೆದು, ನಾಲಿಗೆ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ತೋರಿಸಿದೆ. ಆಮೇಲೆ ಅದೇ ಚೊಂಬನ್ನು ಜಬ್ಬಾರ್ ಸಾಬರ ಕೈಗೆ ಕೊಟ್ಟೆ.

ಅವರು ಡಬ್ಬಿಯಿಂದ ಒಂದನ್ನು ಆರಿಸಿ, ಅಂಟಿದ್ದ ದಾರದ ಎಳೆ ತೆಗೆದು, ಬಿಡಿಸಿ ಬಾಯಿಗೆ ಹಾಕಿಕೊಂಡರು. ನೀರು ಕುಡಿದರು. ಚೊಂಬು ಕೆಳಗಿಟ್ಟರು.

"ಬಾಯ್ ತಗೀರಿ, ನೋಡನ" ಎಂದೆ.